ಕಣ್ಣು ಮುಚ್ಚುವ ಮುನ್ನ

ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನು ಖಗೋಳವಿಜ್ಞಾನದ ವಿಚಾರಕ್ಕೆ ಕೈಹಾಕಿದರೆ ವಾಚಕರು ಹುಬ್ಬೇರಿಸುವುದು ಸಹಜವೇ. ಈ ಸಾಹಸಕ್ಕೆ ಕಾರಣಳಾದವಳು ನನ್ನ ವಿದ್ಯಾರ್ಥಿನಿಯೊಬ್ಬಳು.

ಕಳೆದ ಮಾಗಿಯಲ್ಲಿ ವಿಜ್ಞಾನ ವಿಭಾಗದ ಮಿತ್ರರು ವಿದ್ಯಾರ್ಥಿಗಳನ್ನು ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ಕರೆದೊಯ್ದರು. ಜೊತೆಗೊಬ್ಬ ಅಧ್ಯಾಪಕ ಬೇಕೆಂದಾಗ ನಾನೂ ಹೊರಟೆ. ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯ ಮಕ್ಕಳೂ ಇದ್ದರು. ದೂರದರ್ಶಕವೆಂದೊಡನೆ ಗಾಜು ಕೂಡಿಸಿದ ದೊಡ್ಡದೊಂದು ಕೊಳವೆಯನ್ನು ಅವರೆಲ್ಲರೂ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದರು, ನಾನೂ ಹಾಗೆಯೇ. ಅಲ್ಲಿ ಕಂಡದ್ದಾದರೋ ಬಯಲು, ಬಯಲಿನಲ್ಲಿ ನೆಟ್ಟ ಕಂಬಗಳು, ಕಂಬಗಳ ನಡುವೆ ಬಿಗಿದ ತಂತಿಗಳು. ದ್ರಾಕ್ಷಿಯ ಚಪ್ಪರವನ್ನು ಕಂಡು ಬೆಳೆದ ನಮ್ಮ ಹುಡುಗರು, ಬಳ್ಳಿ ಹಬ್ಬಿಸುವುದಕ್ಕೆ ಮುಂಚಿನ ತೋಟದಂತಿದೆಯೆಂದು ತಮ್ಮೊಳಗೆ ನಕ್ಕರು.

ಈ ಬಯಲಿಗೊಂದು ಇತಿಹಾಸವಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ೧೯೭೬ರಿಂದೀಚೆಗೆ ಜಂಟಿಯಾಗಿ ನಡೆಸಿಕೊಂಡು ಬಂದ ವೀಕ್ಷಣಾಲಯವಿದು. ಒಂದು ಸಾವಿರ ಅಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ ಸುಮಾರು ೧.೪ ಕಿಲೋಮೀಟರು ಉದ್ದಕ್ಕೆ ಹೂಡಿ, ಆಕಾಶದಿಂದ ಬರುವ ಸುಮಾರು ಒಂಬತ್ತು ಮೀಟರು ಉದ್ದದ ರೇಡಿಯೋ ಅಲೆಗಳನ್ನು ಇಲ್ಲಿ ಹಿಡಿದರು. ಆ ಅಲೆಗಳಲ್ಲಿ ಆಕಾಶ ಹೇಗೆ ಕಾಣುತ್ತದೆಂಬ ನಕ್ಷೆ ೧೯೯೦ರಲ್ಲಿ ಪ್ರಕಟವಾಯಿತು. ೧೯೯೭ರಿಂದ ಸೂರ್ಯನ ರೇಡಿಯೋ ಚಿತ್ರಗಳನ್ನು ತೆಗೆಯುವ ಇನ್ನೊಂದು ಅಂಟೆನಾ ಸಾಲೂ ಇಲ್ಲಿ ಕೆಲಸಕ್ಕೆ ತೊಡಗಿತು.

ಮರಳಿ ಬರುವಾಗ ಬಸ್ಸಿನಲ್ಲಿ ಶಿಡ್ಲಘಟ್ಟದ ಹುಡುಗಿಯೊಬ್ಬಳು ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಒಂದು ಸುದ್ದಿಯನ್ನು ನನ್ನ ಕೈಗಿತ್ತಳು. ‘ಚಂದ್ರ’ ಎಂಬ ಕ್ಷ-ಕಿರಣ ದೂರದರ್ಶಕಕ್ಕೆ ಕೊಡುವ ಹಣವನ್ನು ಅಮೆರಿಕದವರು ಕಡಿತಗೊಳಿಸಹೊರಟಿದ್ದಾರೆಂಬುದು ಸುದ್ದಿ. “ಸಾರ್, ಕುರುಡಾಗದ ಕಣ್ಣನ್ನು ಯಾಕೆ ಮುಚ್ಚಬೇಕು?” ಎಂದು ಕೇಳಿದಳು. ಪ್ರಶ್ನೆ ಕೇಳುವುದನ್ನೇ ವಿದ್ಯೆಯ ಮೊದಲ ಪಾಠವೆಂದು ಬಗೆದಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇದೇ ಗೌರಿಬಿದನೂರು ತಾಲ್ಲೂಕಿಗೆ ಸೇರಿದ್ದು. ಆ ನೆಲದಲ್ಲಿ ಕೇಳಿಬಂದ ಪ್ರಶ್ನೆಯನ್ನು ಹಾರಿಕೆಯ ಮಾತಿನಿಂದ ತಳ್ಳಿಹಾಕುವುದು ಸಲ್ಲದೆನಿಸಿ, ತಿಳಿದವರನ್ನು ಕೇಳಿ, ದೊರೆತುದನ್ನು ಓದಿ ನಾನು ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಗೌರಿಬಿದನೂರಿನ ಬಯಲಿಗೂ ಆಕಾಶದ ಆ ‘ಚಂದ್ರ’ನಿಗೂ ಒಂದು ಮನೆತನದ ನಂಟಿದೆ. ಸರ್ ಸಿ. ವಿ. ರಾಮನ್ನರು ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮಗ ವಿ. ರಾಧಾಕೃಷ್ಣನ್ ೧೯೭೨ರಿಂದ ೧೯೯೪ರವರೆಗೆ ಅದರ ನಿರ್ದೇಶಕರು. ಗೌರಿಬಿದನೂರಿನ ವೀಕ್ಷಣಾಲಯ ತಲೆಯೆತ್ತಿದುದು ಅವರ ಕಾಲದಲ್ಲಿ. ರಾಮನ್ನರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್. ಮದರಾಸಿನಲ್ಲಿ ಓದು ಮುಗಿಸಿ ೧೯೩೦ರಲ್ಲಿ ಇಂಗ್ಲೆಂಡಿಗೆ ಹೊರಟ ಈ ತರುಣ, ಹಡಗಿನಲ್ಲಿ ಕುಳಿತೇ ನಕ್ಷತ್ರಗಳ ಅಂತ್ಯಕಾಲದ ಗಣಿತ ಹೂಡಿದರು. ಸೂರ್ಯನ ಸುಮಾರು ೧.೪ ಪಟ್ಟಿಗಿಂತ ಹೆಚ್ಚು ತೂಗುವ ನಕ್ಷತ್ರಶೇಷವು ಶ್ವೇತಕುಬ್ಜವಾಗಿ ನೆಮ್ಮದಿಯಿಂದ ತಣ್ಣಗಾಗಲಾರದು, ತನ್ನ ಭಾರಕ್ಕೆ ತಾನೇ ಕುಸಿಯಬೇಕು ಎಂಬುದು ಅದರ ಫಲ. ಈ ಕೆಲಸವೂ ಸೇರಿದ ತಾರಾಸಂಶೋಧನೆಗಾಗಿ ೧೯೮೩ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ೧೯೯೫ರಲ್ಲಿ ಅವರು ತೀರಿಕೊಂಡರು. ೧೯೯೯ರ ಜುಲೈ ೨೩ರಂದು ಅಮೆರಿಕದ ನಾಸಾ ಸಂಸ್ಥೆಯವರು ಹಾರಿಸಿದ ಕ್ಷ-ಕಿರಣ ದೂರದರ್ಶಕಕ್ಕೆ ಅವರ ಹೆಸರನ್ನೇ ಇಟ್ಟರು. ಚಿಕ್ಕಪ್ಪನ ಮಗನ ತಂತಿಗಳು ಗೌರಿಬಿದನೂರಿನ ನೆಲದಲ್ಲಿ; ದೊಡ್ಡಪ್ಪನ ಮಗನ ಹೆಸರಿನ ಕಣ್ಣು ನೆಲದಿಂದ ಸುಮಾರು ೧,೩೯,೦೦೦ ಕಿಲೋಮೀಟರಿನವರೆಗೂ ಏರಿಹೋಗುವ ಕಕ್ಷೆಯಲ್ಲಿ.

ಒಂದು ನೆಲದಲ್ಲಿರಬಹುದಾದರೆ ಇನ್ನೊಂದು ಅಷ್ಟು ಎತ್ತರಕ್ಕೆ ಏಕೆ ಹೋಗಬೇಕು? ರೇಡಿಯೋ ಅಲೆಯೂ ಬೆಳಕೇ, ಕ್ಷ-ಕಿರಣವೂ ಬೆಳಕೇ. ಅಲೆಯ ಉದ್ದದಲ್ಲಿ ಮಾತ್ರ ವ್ಯತ್ಯಾಸ. ಗೌರಿಬಿದನೂರಿಗೆ ಬರುವ ಅಲೆ ಆಳುದ್ದಕ್ಕೂ ಮಿಗಿಲಾದರೆ, ಕ್ಷ-ಕಿರಣದ ಅಲೆ ಒಂದು ಮೀಟರಿನ ನೂರು ಕೋಟಿಯ ಒಂದು ಭಾಗದ ಆಸುಪಾಸಿನದು. ಮೊದಲನೆಯದನ್ನು ನಮ್ಮ ವಾಯುಮಂಡಲ ಒಳಗೆ ಬಿಡುತ್ತದೆ. ಎರಡನೆಯದನ್ನು ಮೇಲೆಯೇ ನುಂಗಿಬಿಡುತ್ತದೆ. ನುಂಗುವುದರಿಂದಲೇ ನಾವು ಬದುಕಿದ್ದೇವೆ, ನಿಜ. ಆದರೆ ಲಕ್ಷಾಂತರ, ಕೋಟ್ಯಂತರ ಡಿಗ್ರಿ ಕಾದ ವಸ್ತುವು ಹೊರಸೂಸುವುದು ಮುಖ್ಯವಾಗಿ ಕ್ಷ-ಕಿರಣಗಳನ್ನೇ ಆದುದರಿಂದ, ವಿಶ್ವದ ಉಗ್ರಲೀಲೆಗಳೆಲ್ಲ ನೆಲದ ಮೇಲೆ ನಿಂತವನಿಗೆ ಮರೆಯಾಗಿಯೇ ಉಳಿದವು. ರಾಂಟ್‌ಜೆನ್ ೧೮೯೫ರಲ್ಲಿ ಕಂಡುಹಿಡಿದ ಈ ಕಿರಣಗಳಿಂದ ನಮ್ಮ ಮೂಳೆಗಳನ್ನು ನೋಡುವುದನ್ನು ಬಹುಬೇಗ ಕಲಿತೆವು. ಆಕಾಶವನ್ನು ನೋಡಲು ಅರುವತ್ತು ವರ್ಷಗಳಿಗೂ ಮೀರಿದ ಕಾಲ ಕಾಯಬೇಕಾಯಿತು. ೧೯೬೨ರ ಜೂನ್ ತಿಂಗಳಲ್ಲಿ ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ಹಾರಿಸಿದ ಒಂದು ರಾಕೆಟ್ಟು ಕೆಲವೇ ನಿಮಿಷ ವಾಯುಮಂಡಲದ ಮೇಲಿದ್ದು, ವೃಶ್ಚಿಕರಾಶಿಯ ದಿಕ್ಕಿನಿಂದ ಕ್ಷ-ಕಿರಣ ಬರುತ್ತಿರುವುದನ್ನು ಕಂಡಿತು. ಆ ಕೆಲವು ನಿಮಿಷಗಳಿಂದ ಹೊಸದೊಂದು ಶಾಸ್ತ್ರ ಹುಟ್ಟಿತು. ಜಕೋನಿಯವರಿಗೆ ೨೦೦೨ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಕಥೆಯಲ್ಲಿ ಕನ್ನಡಿಗರ ಪಾತ್ರವೂ ಚಿಕ್ಕದಲ್ಲ. ೧೯೨೫ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ತಾರುಣ್ಯದಲ್ಲಿ ಇಳಿದುದು ಕೋಲಾರದ ಚಿನ್ನದ ಗಣಿಗೆ. ಚಿನ್ನಕ್ಕಾಗಿ ಅಲ್ಲ, ನೆಲವನ್ನು ಭೇದಿಸಿಕೊಂಡು ಆಳಕ್ಕೆ ಇಳಿಯುವ ವಿಶ್ವಕಿರಣಗಳನ್ನು ಅಳೆಯುವುದಕ್ಕಾಗಿ. ಮುಂದೆ ಅವರೂ ಅವರ ಸಂಗಡಿಗರೂ ಹೈದರಾಬಾದಿನಿಂದ ದೊಡ್ಡ ಬಲೂನುಗಳಲ್ಲಿ ಉಪಕರಣಗಳನ್ನು ಮೇಲಕ್ಕೆ ಕಳುಹಿಸಿ ಆಕಾಶದ ಕ್ಷ-ಕಿರಣಗಳನ್ನು ಹಿಡಿದರು. ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾಯರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಮೇಲೇರಿತು. ಅದರೊಳಗಿನ ಮೂರು ಪ್ರಯೋಗಗಳಲ್ಲಿ ಒಂದು ಕ್ಷ-ಕಿರಣದ್ದೇ. ನಾಲ್ಕು ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಪ್ರಯೋಗಗಳು ನಿಂತುಹೋದವು. ಅಲ್ಲಿಂದ ಪೂರ್ಣಪ್ರಮಾಣದ ನಮ್ಮದೇ ವೀಕ್ಷಣಾಲಯವೊಂದು ಮೇಲೇರಲು ನಲವತ್ತು ವರ್ಷ ಬೇಕಾಯಿತು. ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಹೊರಟು ೬೫೦ ಕಿಲೋಮೀಟರು ಎತ್ತರದಲ್ಲಿ ನೆಲೆನಿಂತ ‘ಆಸ್ಟ್ರೊಸ್ಯಾಟ್’ ಅದು.

ಕ್ಷ-ಕಿರಣವನ್ನು ಕನ್ನಡಿಯಿಂದ ಹಿಡಿಯುವ ಬಗೆ ಸ್ವಾರಸ್ಯವಾದುದು. ನೇರವಾಗಿ ಬಿದ್ದ ಕಿರಣ ಕನ್ನಡಿಯಿಂದ ಮರಳುವುದಿಲ್ಲ, ಒಳಹೊಕ್ಕುಬಿಡುತ್ತದೆ. ಕೆರೆಯ ದಂಡೆಯಲ್ಲಿ ಆಡುವ ಹುಡುಗರಿಗೆ ಗೊತ್ತು: ಚಪ್ಪಟೆಯ ಬಿಲ್ಲೆಗಲ್ಲನ್ನು ಮೇಲಿನಿಂದ ಬಿಟ್ಟರೆ ಮುಳುಗುತ್ತದೆ, ನೀರನ್ನು ಸವರುವಂತೆ ಓರೆಯಾಗಿ ಬೀಸಿದರೆ ಪುಟಿಯುತ್ತ ಹೋಗುತ್ತದೆ. ಕ್ಷ-ಕಿರಣವೂ ಹಾಗೆಯೇ. ಆದುದರಿಂದ ಈ ದೂರದರ್ಶಕದ ಕನ್ನಡಿಗಳು ತಟ್ಟೆಯಂತಿರದೆ ಒಂದರೊಳಗೊಂದು ಕೂರಿಸಿದ ಕೊಳವೆಗಳಂತಿರುತ್ತವೆ. ಕಿರಣಗಳು ಅವುಗಳ ಒಳಮೈಯನ್ನು ಸವರಿಕೊಂಡು ಹೋಗಿ ಹಿಂದಿನ ಒಂದು ಬಿಂದುವಿನಲ್ಲಿ ಕೂಡುತ್ತವೆ. ‘ಚಂದ್ರ’ದಲ್ಲಿ ಅಂಥ ನಾಲ್ಕು ಜೊತೆ ಕನ್ನಡಿಗಳಿವೆ. ಅವುಗಳ ನುಣುಪಿನ ಫಲವಾಗಿ ಅದಕ್ಕೆ ದೊರೆತ ನೋಟದ ಸೂಕ್ಷ್ಮತೆಯನ್ನು ಅನಂತರ ಬಂದ ಯಾವ ಕ್ಷ-ಕಿರಣ ದೂರದರ್ಶಕವೂ ಸರಿಗಟ್ಟಿಲ್ಲ.

ಈ ಕಣ್ಣು ಕಂಡುದೇನು? ಕನ್ನಡದಲ್ಲಿ ಕುಂತಿಯೆಂದು ಹೆಸರಾದ ಕ್ಯಾಸಿಯೋಪಿಯ ಪುಂಜದಲ್ಲಿ ಸಿಡಿದು ಚೂರಾದ ನಕ್ಷತ್ರವೊಂದರ ಅವಶೇಷವಿದೆ. ೧೯೯೯ರಲ್ಲಿ ತೆಗೆದ ಮೊದಮೊದಲ ಚಿತ್ರದಲ್ಲಿಯೇ, ಆ ಅವಶೇಷದ ನಡುವೆ ಅದುವರೆಗೆ ಯಾರಿಗೂ ಕಾಣದಿದ್ದ ಒಂದು ಚುಕ್ಕೆಯನ್ನು ‘ಚಂದ್ರ’ ತೋರಿಸಿತು. ಸತ್ತ ನಕ್ಷತ್ರದ ಉಳಿದ ತಿರುಳು ಅದು. ಪಾರ್ಥ ಎನ್ನುವ ಪರ್ಸಿಯಸ್ ಪುಂಜದ ದಿಕ್ಕಿನಲ್ಲಿ, ಸುಮಾರು ೨೫ ಕೋಟಿ ಜ್ಯೋತಿರ್ವರ್ಷ ದೂರದ ಬ್ರಹ್ಮಾಂಡಗಳ ಗುಂಪೊಂದರಲ್ಲಿ, ಕಾದ ಅನಿಲದಲ್ಲಿ ಎದ್ದ ಅಲೆಗಳನ್ನು ಅದು ಕಂಡಿತೆಂದು ೨೦೦೩ರಲ್ಲಿ ಪ್ರಕಟವಾಯಿತು. ನಡುವಿನ ಕಪ್ಪುಕುಳಿಯ ಆರ್ಭಟದಿಂದ ಹುಟ್ಟಿದ ಶಬ್ದದಲೆಗಳವು. ಪಿಯಾನೋದ ಮಧ್ಯಸ್ಥಾಯಿಗಿಂತ ೫೭ ಸ್ಥಾಯಿ ಕೆಳಗಿನ ಸ್ವರವೆಂದು ವಿಜ್ಞಾನಿಗಳು ಅದನ್ನು ಗುಣಿಸಿದರು; ಅದರ ಒಂದು ಅಲೆಗೂ ಇನ್ನೊಂದು ಅಲೆಗೂ ನಡುವೆ ಸುಮಾರು ಒಂದು ಕೋಟಿ ವರ್ಷ. ಮಂದ್ರವೆಂದರೆ ಏನೆಂಬುದಕ್ಕೆ ನಮ್ಮ ಸಂಗೀತಶಾಸ್ತ್ರಕ್ಕೂ ಇಂಥ ಉದಾಹರಣೆ ಹೊಳೆದಿರಲಾರದು. ೨೦೦೬ರಲ್ಲಿ, ಡಿಕ್ಕಿ ಹೊಡೆದ ಎರಡು ಬ್ರಹ್ಮಾಂಡಸಮೂಹಗಳನ್ನು ನೋಡಿ, ಕಾದ ಅನಿಲ ಒಂದು ಕಡೆ, ತೂಕದ ಬಹುಭಾಗ ಇನ್ನೊಂದು ಕಡೆ ಇರುವುದನ್ನು ‘ಚಂದ್ರ’ವೂ ಇತರ ದೂರದರ್ಶಕಗಳೂ ಕೂಡಿ ತೋರಿಸಿದವು. ಕಣ್ಣಿಗೆ ಬೀಳದ ಅದೃಶ್ಯ ದ್ರವ್ಯವೊಂದು ಇದೆಯೆಂಬುದಕ್ಕೆ ದೊರೆತ ಬಲವಾದ ಸಾಕ್ಷ್ಯಗಳಲ್ಲಿ ಅದೊಂದು.

ನಮ್ಮ ಆಸ್ಟ್ರೊಸ್ಯಾಟ್ ಸುಮ್ಮನೆ ಕುಳಿತಿರಲಿಲ್ಲ. ವೃಷಭರಾಶಿಯ ಏಡಿ ನೀಹಾರಿಕೆಯ ನಡುವೆ ಸೆಕೆಂಡಿಗೆ ಸುಮಾರು ಮೂವತ್ತು ಸಲ ಗಿರ್ರನೆ ತಿರುಗುವ ನಕ್ಷತ್ರವೊಂದಿದೆ. ಅದರ ಕ್ಷ-ಕಿರಣಗಳ ಅಲೆಗಳು ಯಾವ ದಿಕ್ಕಿನಲ್ಲಿ ತುಯ್ಯುತ್ತವೆ, ತಿರುಗಿದಂತೆ ಆ ದಿಕ್ಕು ಹೇಗೆ ಬದಲಾಗುತ್ತದೆ ಎಂಬುದನ್ನು ಸುಮಾರು ಹದಿನೆಂಟು ತಿಂಗಳು ನೋಡಿ ಅಳೆದರು. ೨೦೧೭ರಲ್ಲಿ ಪ್ರಕಟವಾದ ಫಲಿತಾಂಶ ಪಂಡಿತರನ್ನೇ ಬೆರಗುಗೊಳಿಸಿತು: ಬೆಳಕಿನ ಮುಖ್ಯ ಮಿಡಿತ ನಮ್ಮ ಕಡೆಗಿಲ್ಲದ ಹೊತ್ತಿನಲ್ಲಿಯೇ ಬದಲಾವಣೆ ಹೆಚ್ಚು. ಇದ್ದ ಸಿದ್ಧಾಂತಗಳಾವುವೂ ಇದಕ್ಕೆ ಸುಲಭವಾಗಿ ಒಗ್ಗಲಿಲ್ಲ. ಅದರ ಅತಿನೇರಳೆ ದೂರದರ್ಶಕ ೯೩೦ ಕೋಟಿ ಜ್ಯೋತಿರ್ವರ್ಷ ದೂರದ ಬ್ರಹ್ಮಾಂಡವೊಂದರ ತೀಕ್ಷ್ಣ ಬೆಳಕನ್ನು ಹಿಡಿದುದು ೨೦೨೦ರಲ್ಲಿ ವರದಿಯಾಯಿತು. ಇನ್ನೊಂದು ಉಪಕರಣ, ಎಲ್ಲೆಲ್ಲಿಯೋ ಕ್ಷಣಕಾಲ ಹೊತ್ತಿ ಆರುವ ಗಾಮಾ-ಕಿರಣಗಳ ಸ್ಫೋಟಗಳಲ್ಲಿ ೬೦೦ನೆಯದನ್ನು ೨೦೨೩ರ ನವೆಂಬರಿನಲ್ಲಿ ದಾಖಲಿಸಿತು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರು ಹಲವು ಗೂಡುಗಳ ಎಳೆ ಹಿಡಿದು ಒಂದೇ ದಾರ ಮಾಡುವಂತೆ, ವಿಜ್ಞಾನಿಗಳು ಎರಡು ದೂರದರ್ಶಕಗಳ ನೋಟವನ್ನು ಕೂಡಿಸಿಕೊಳ್ಳುವುದೂ ಉಂಟು. ೨೦೧೬ರಲ್ಲಿ ಹೊತ್ತಿ ಬೆಳಗಿದ ಒಂದು ಕಪ್ಪುಕುಳಿಯನ್ನು ಆಸ್ಟ್ರೊಸ್ಯಾಟೂ ‘ಚಂದ್ರ’ವೂ ನೋಡಿದವು, ಅದು ಸಾಧ್ಯವಾದ ಪರಮವೇಗದ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ತನ್ನ ಸುತ್ತ ತಾನು ತಿರುಗುತ್ತಿದೆಯೆಂದು ಎರಡರ ನೋಟದಿಂದ ಲೆಕ್ಕ ಸಿಕ್ಕಿತು.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ‘ಚಂದ್ರ’ವನ್ನು ಕಟ್ಟಿದುದು ಐದು ವರ್ಷದ ಬಾಳಿಕೆಗೆಂದು, ಅದು ಇಪ್ಪತ್ತೈದು ವರ್ಷಗಳನ್ನು ದಾಟಿ ಬಂತು. ವೃದ್ಧಾಪ್ಯದ ಲಕ್ಷಣಗಳಿಲ್ಲದಿಲ್ಲ. ಬಿಸಿಲಿನಿಂದ ಕಾಪಾಡುವ ಹೊದಿಕೆ ಸವೆದು ಅಂಗಾಂಗಗಳು ಬಿಸಿಯಾಗುತ್ತವೆ. ಒಂದೇ ಕಡೆ ಬಹಳ ಹೊತ್ತು ದಿಟ್ಟಿಸಲಾಗದೆ, ನಿರ್ವಾಹಕರು ಲೆಕ್ಕಹಾಕಿ ಅದರ ಮುಖವನ್ನು ಆಗಾಗ ತಿರುಗಿಸಬೇಕಾಗುತ್ತದೆ. ಆದರೂ ನೋಟ ಚೂಪಾಗಿಯೇ ಇದೆ. ಹೀಗಿರಲು ೨೦೨೪ರ ಮಾರ್ಚಿಯಲ್ಲಿ, ವರ್ಷಕ್ಕೆ ಸುಮಾರು ೬ ಕೋಟಿ ೮೩ ಲಕ್ಷ ಡಾಲರು ಇದ್ದ ಅದರ ಹಣವನ್ನು ೪ ಕೋಟಿ ೧೧ ಲಕ್ಷಕ್ಕೆ ಇಳಿಸಿ, ಮುಂದೆ ಇನ್ನೂ ತಗ್ಗಿಸುವ ಪ್ರಸ್ತಾವ ಬಂತು. ವಿಜ್ಞಾನಿಗಳು ಎದ್ದು ನಿಂತು ಪ್ರತಿಭಟಿಸಿದರು, ಅಮೆರಿಕದ ಶಾಸನಸಭೆಯಲ್ಲಿಯೂ ಅವರಿಗೆ ಬೆಂಬಲ ಸಿಕ್ಕಿತು, ದೀಪ ಆರಲಿಲ್ಲ. ೨೦೨೫ರಲ್ಲಿ ಕಡಿತದ ಪ್ರಸ್ತಾವ ಮತ್ತೆ ಬಂತು.

ನಮ್ಮ ಆಸ್ಟ್ರೊಸ್ಯಾಟಿನ ಪಾಡೂ ಇದಕ್ಕಿಂತ ತೀರ ಬೇರೆಯಲ್ಲ. ಅದಕ್ಕೂ ಐದೇ ವರ್ಷದ ಆಯುಷ್ಯ ಬರೆದಿದ್ದರು. ೨೦೨೫ರ ಸೆಪ್ಟೆಂಬರಿಗೆ ಹತ್ತು ತುಂಬಿತು. ನಡುವೆ, ೨೦೧೮ರಲ್ಲಿ, ಅತಿನೇರಳೆ ದೂರದರ್ಶಕದ ಒಂದು ವಿಭಾಗ ನಿಂತುಹೋಯಿತು. ಕ್ಷ-ಕಿರಣ ಎಣಿಸುವ ಮೂರು ಅನಿಲಪೆಟ್ಟಿಗೆಗಳಲ್ಲಿ ಒಂದು ಸೋರಿ, ಅದನ್ನು ನಿಲ್ಲಿಸಬೇಕಾಯಿತು. ದುರಸ್ತಿಗೆ ಅಲ್ಲಿಗೆ ಯಾರೂ ಹೋಗಲಾರರು. ಉಳಿದ ಅಂಗಗಳಿಂದ ಅದು ದುಡಿದುಕೊಂಡು ಬಂದಿದೆ.

ಇಂಥ ಅಂತ್ಯವೊಂದನ್ನು ನಮ್ಮ ಹಳೆಯ ಕೋಲಾರ ಜಿಲ್ಲೆ ಕಂಡಿದೆ. ಶ್ರೀಕಂಠನ್ನರು ಇಳಿದಿದ್ದ ಆ ಚಿನ್ನದ ಗಣಿಯ ಆಳದಲ್ಲಿ, ೧೯೬೫ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಸುಳಿವು ಸಿಕ್ಕಿತು. ಜಗತ್ತಿನಲ್ಲಿಯೇ ಮೊದಲ ಶೋಧಗಳಲ್ಲಿ ಅದು ಸೇರಿದೆ. ಆದರೆ ಪ್ರಯೋಗಶಾಲೆಗೆ ಆಳವನ್ನು ಕೊಟ್ಟಿದ್ದುದು ಗಣಿ. ಗಣಿಯನ್ನು ನಡೆಸುತ್ತಿದ್ದುದು ಚಿನ್ನ. ಚಿನ್ನದ ಲೆಕ್ಕ ಕೈಕೊಟ್ಟಾಗ, ೧೯೯೦ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು; ೨೦೦೧ರಲ್ಲಿ ಗಣಿಯೇ ಮುಚ್ಚಿತು. ಉಪಕರಣದ ಆಯುಷ್ಯ ಒಂದು, ಅದಕ್ಕೆ ಆಶ್ರಯ ಕೊಟ್ಟವರ ಲೆಕ್ಕಪುಸ್ತಕದ ಆಯುಷ್ಯ ಇನ್ನೊಂದು.

ಲೆಕ್ಕ ಬರೆಯುವವರ ಪಕ್ಷದಲ್ಲಿಯೂ ನ್ಯಾಯವಿದೆ. ಹಣಕ್ಕೆ ಮಿತಿಯುಂಟು, ಹಳೆಯದನ್ನೇ ಸಾಕುತ್ತ ಕುಳಿತರೆ ಹೊಸದನ್ನು ಕಟ್ಟುವುದೆಂತು? ಆದರೆ ನೀರಿಗಾಗಿ ಪಾತಾಳಕ್ಕೆ ಕೊರೆಯುವ ಚಿಂತಾಮಣಿಯ ಕಡೆಯ ರೈತನನ್ನು ಕೇಳಿ ನೋಡಿ. ಹೊಸ ಕೊಳವೆಬಾವಿಯಲ್ಲಿ ನೀರು ಕಾಣುವವರೆಗೆ, ಎಷ್ಟೇ ಕಡಮೆ ನೀರಿರಲಿ, ಅವನು ಹಳೆಯದನ್ನು ಮುಚ್ಚುವುದಿಲ್ಲ. ಯೂರೋಪಿನವರು ಸಿದ್ಧಪಡಿಸುತ್ತಿರುವ ದೊಡ್ಡ ಕ್ಷ-ಕಿರಣ ದೂರದರ್ಶಕ ಮೇಲೇರುವುದು ೨೦೩೦ರ ದಶಕದ ಉತ್ತರಾರ್ಧದಲ್ಲಿ. ನಮ್ಮಲ್ಲಿ ೨೦೨೪ರ ಜನವರಿ ೧ರಂದು ‘ಎಕ್ಸ್‌ಪೋಸ್ಯಾಟ್’ ಮೇಲೇರಿತು. ಕ್ಷ-ಕಿರಣಗಳು ತುಯ್ಯುವ ದಿಕ್ಕನ್ನು ಅಳೆಯುವ ಅದರ ಮುಖ್ಯ ಉಪಕರಣವನ್ನು ಕಟ್ಟಿದುದು, ಗೌರಿಬಿದನೂರಿನಲ್ಲಿ ತಂತಿ ಬಿಗಿದ ಅದೇ ರಾಮನ್ ಸಂಶೋಧನಾ ಸಂಸ್ಥೆ. ಸಂತೋಷದ ಸಂಗತಿ, ಆದರೆ ಅದರ ಕೆಲಸ ಬೇರೆ. ‘ಚಂದ್ರ’ದಂತೆ ಸೂಕ್ಷ್ಮಚಿತ್ರ ತೆಗೆಯುವುದಕ್ಕಾಗಲಿ, ಆಸ್ಟ್ರೊಸ್ಯಾಟಿನಂತೆ ಹಲವು ಬೆಳಕುಗಳಲ್ಲಿ ಏಕಕಾಲಕ್ಕೆ ನೋಡುವುದಕ್ಕಾಗಲಿ ಅದು ಹುಟ್ಟಿದುದಲ್ಲ.

ಕನ್ನಡದ ಅಧ್ಯಾಪಕನಾಗಿ ನನಗೆ ಇಲ್ಲಿ ಶಾಸನಗಳ ನೆನಪಾಗುತ್ತದೆ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ೧೯೦೫ರಲ್ಲಿ ಹೊರಬಂತು. ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ತಾಲ್ಲೂಕುಗಳ ಕಲ್ಲುಗಳು ಅದರಲ್ಲಿವೆ. ಸಂಪುಟ ಕೈಯಲ್ಲಿ ಹಿಡಿದು ಒಮ್ಮೆ ಒಂದು ಹಳ್ಳಿಗೆ ಹೋಗಿದ್ದೆ. ಕಲ್ಲು ಸಿಕ್ಕಲಿಲ್ಲ, ಯಾವ ಮನೆಯ ತಳಪಾಯ ಸೇರಿತೋ ಊರಿನವರಾರೂ ಅರಿಯರು. ಆದರೆ ಪಾಠ ನನ್ನ ಕೈಯಲ್ಲಿತ್ತು. ಆಸ್ಟ್ರೊಸ್ಯಾಟ್ ನೋಡಿದುದರ ಪಾಠವೂ ಹೀಗೆ ಬೆಂಗಳೂರಿನ ಸಮೀಪದ ಬ್ಯಾಲಾಳಿನ ದತ್ತಭಂಡಾರದಲ್ಲಿ ಸಂಗ್ರಹವಾಗುತ್ತದೆ. ನೋಟ ಕೇಳಿದವರಿಗೆ ಗೊತ್ತಾದ ಅವಧಿಯ ಮೀಸಲು ಮುಗಿದ ಮೇಲೆ ಅದು ಎಲ್ಲರಿಗೂ ತೆರೆದಿರುತ್ತದೆ. ‘ಚಂದ್ರ’ದ ಭಂಡಾರವೂ ಹಾಗೆಯೇ. ಹಳೆಯ ಶಾಸನವನ್ನು ಹೊಸ ವಿದ್ವಾಂಸ ಓದಿ ಹೊಸ ಅರ್ಥ ಕಾಣುವಂತೆ, ಯಾರೋ ಎಂದೋ ನೋಡಿದ ಆಕಾಶದಲ್ಲಿ ಇನ್ನಾರೋ ಇಂದು ಹೊಸತನ್ನು ಕಾಣಬಹುದು. ಅದಕ್ಕೆ ಒಂದು ಕಂಪ್ಯೂಟರು, ಕಲಿಸುವ ಗುರು, ಬಹಳ ತಾಳ್ಮೆ ಇವಿಷ್ಟು ಸಾಕು.

ಆದರೆ ಕೆತ್ತದ ಶಾಸನವನ್ನು ಯಾವ ವಿದ್ವಾಂಸನೂ ಓದಲಾರ. ಕಣ್ಣು ಮುಚ್ಚಿದ ಮರುದಿನ ಸಿಡಿಯುವ ನಕ್ಷತ್ರ ನಮಗಾಗಿ ಎರಡನೆಯ ಸಲ ಸಿಡಿಯುವುದಿಲ್ಲ. ಏಡಿ ನೀಹಾರಿಕೆಯ ಆ ನಕ್ಷತ್ರವೇ ಇದಕ್ಕೆ ಸಾಕ್ಷಿ. ೧೦೫೪ರಲ್ಲಿ ಅದು ಸಿಡಿದು, ಹಗಲಿನಲ್ಲಿಯೂ ೨೩ ದಿನ ಕಾಣಿಸಿತೆಂದು ಚೀನದವರು ಬರೆದಿಟ್ಟರು. ಆಗ ನಮ್ಮ ಪ್ರಾಂತ ಚೋಳರ ಆಳ್ವಿಕೆಯಲ್ಲಿತ್ತು. ನಂದಿಯ ಭೋಗನಂದೀಶ್ವರನ ಗುಡಿ ಅದಕ್ಕೂ ಹಿಂದೆಯೇ ಎದ್ದುನಿಂತಿತ್ತು. ಆ ತಾರೆ ಗುಡಿಯ ಶಿಖರದ ಮೇಲೂ ಹಾದುಹೋಗಿರಲೇಬೇಕು. ಇಂದು ಏಡಿ ನೀಹಾರಿಕೆಯ ವಯಸ್ಸನ್ನು ನಾವು ವರ್ಷ ತಪ್ಪದೆ ಹೇಳುವುದು ಆ ಬರೆದಿಟ್ಟವರ ಉಪಕಾರದಿಂದ.

ಹುಡುಗಿಗೆ ಇಷ್ಟನ್ನೂ ಹೇಳಿದೆ. “ಕಣ್ಣನ್ನು ಮುಚ್ಚುವುದು ನ್ಯಾಯವೆಂದು ನಾನು ಹೇಳಲಾರೆನಮ್ಮ. ಹೊಸದು ಬರುವವರೆಗೆ ಹಳೆಯದನ್ನು ಉಳಿಸಿಕೊಳ್ಳುವುದೇ ವಿವೇಕ. ಆ ತೀರ್ಮಾನ ನಮ್ಮ ಕೈಯಲ್ಲಿಲ್ಲ, ಕಂಡುದನ್ನು ಓದುವ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ” ಎಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, “ಬ್ಯಾಲಾಳಿನ ಭಂಡಾರಕ್ಕೆ ಬರೆಯುವುದು ಹೇಗೆ ಸಾರ್?” ಎಂದು ಕೇಳಿದಳು. ಅದು ನನಗೆ ಗೊತ್ತಿರಲಿಲ್ಲ. ಭೌತವಿಜ್ಞಾನದ ಮಿತ್ರರ ಬಳಿಗೆ ಅವಳನ್ನು ಕರೆದುಕೊಂಡು ಹೋದೆ. ಈಗ ವಾರಕ್ಕೆರಡು ಸಂಜೆ ಅವರ ಕೊಠಡಿಯಲ್ಲಿ ನಾಲ್ಕು ಮಂದಿ ವಿದ್ಯಾರ್ಥಿಗಳು ಕಂಪ್ಯೂಟರಿನ ಮುಂದೆ ಕುಳಿತಿರುತ್ತಾರೆ. ನಾನೂ ಒಮ್ಮೊಮ್ಮೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ.